ಕಾರ್ಖಾನೆ ಪಕ್ಕದ ಎರೆ ಹೊಲಕ್ಕೆ ಸಾಸಿವೆಯೋ, ಲಾವಂಚವೋ?

ಕೊಪ್ಪಳ ತಾಲ್ಲೂಕಿನಲ್ಲಿ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ಮಾಡುವ ಕಬ್ಬಿಣ) ಕಾರ್ಖಾನೆಗೆ ಹೊಂದಿಕೊಂಡಿರುವ ತಮ್ಮ ಎರಡು ಎಕರೆ ಎರೆ ಹೊಲದಲ್ಲಿ ಸಾಸಿವೆ ಬಿತ್ತಿದರೆ ಮಣ್ಣಿನ ಸೀಸವೆಲ್ಲ ಎರಡು ವರ್ಷದಲ್ಲಿ ಹೋಗುವುದೇ ಎಂದು ತಾವು ಕೇಳಿದ್ದೀರಿ. ಸಾಸಿವೆಗೆ ಲೋಹ ಹೀರುವ ಗುಣವಿರುವುದು ನಿಜ, ಆದರೆ ಎರಡು ವರ್ಷದ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಕಿಲೋ ಮಣ್ಣಿನಲ್ಲಿ 100 ಮಿಲಿಗ್ರಾಂ ಸೀಸವಿದೆ ಎಂದು ಹಿಡಿದರೆ ಎಕರೆಗೆ 90 ಕಿಲೋ ಆಯಿತು. ಎಕರೆಗೆ 2 ಟನ್ ಒಣ ಗಿಡ ಬಂದು, ಅದರ ಪ್ರತಿ ಕಿಲೋದಲ್ಲಿ 200 ಮಿಲಿಗ್ರಾಂ ಸೀಸ ಸೇರಿತೆಂದು ಕೈಬಿಚ್ಚಿ ಲೆಕ್ಕ ಹಾಕಿದರೂ ಒಂದು ಬೆಳೆಗೆ ಹೊರಬೀಳುವುದು 400 ಗ್ರಾಂ ಮಾತ್ರ. ಅರ್ಧ ತೆಗೆಯುವುದಕ್ಕೇ ನೂರಕ್ಕೂ ಹೆಚ್ಚು ಬೆಳೆ ಬೇಕು. ಅದರ ಮೇಲೆ ನಮ್ಮ ಎರೆಯಲ್ಲಿ ಸುಣ್ಣ ಹೆಚ್ಚು, ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಆಚೀಚೆ, ಅಂದರೆ ಕ್ಷಾರದ ಕಡೆ, ಇರುವುದರಿಂದ ಸೀಸ ಮಣ್ಣನ್ನು ಬಿಟ್ಟು ಬೇರಿಗೆ ಸುಲಭವಾಗಿ ಬರುವುದಿಲ್ಲ. ಲೋಹವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುವ ಇಡಿಟಿಎ ಎಂಬ ರಾಸಾಯನಿಕ ಹಾಕಿ ಬಿಡಿಸಬಹುದೆಂದು ಹೇಳುವವರಿದ್ದಾರೆ. ಬಿಟ್ಟುಕೊಂಡ ಲೋಹ ಮಳೆನೀರಿನೊಂದಿಗೆ ಕೆಳಗಿಳಿದರೆ ಹಿಡಿಯುವವರು ಯಾರು? ನಾನಂತೂ ಅದನ್ನು ಒಪ್ಪುವುದಿಲ್ಲ.

ಆದ್ದರಿಂದ ಲೋಹವನ್ನು ಹೊರತೆಗೆಯುವ ಆಸೆ ಬಿಟ್ಟು, ಇದ್ದಲ್ಲೇ ಹಿಡಿದಿಡುವುದು ಮೇಲು. ಇದಕ್ಕೆ ಲಾವಂಚ ಒಳ್ಳೆಯದು, ಏಕೆಂದರೆ ಅದು ಹೀರಿದ ಸೀಸದ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಕಾರ್ಖಾನೆ ಕಡೆಯ ಬದುವಿನ ಮೇಲೆ ಗೇಣಿಗೊಂದರಂತೆ ಒತ್ತಾಗಿ ನೆಟ್ಟು, ಮೊದಲ ಬೇಸಿಗೆ ದಾಟುವವರೆಗೆ ನೀರು ಕೊಡಿ. ಅದರ ಹಿಂದೆ ಧೂಳು ತಡೆಯಲು ಬೇವು, ಹೊಂಗೆ ಸಾಲು ಇರಲಿ. ಬಳ್ಳಾರಿ ಜಾಲಿ ಕೆಟ್ಟ ನೆಲದಲ್ಲೂ ತಾನೇ ಹುಟ್ಟಿ ಬೆಳೆಯುತ್ತದೆ ನಿಜ, ಆದರೆ ಆಡು ಕಾಯಿ ತಿಂದು ಹಿಕ್ಕೆಯಲ್ಲಿ ಬೀಜವನ್ನು ಊರೆಲ್ಲ ಹರಡುತ್ತದೆ, ಹೊಸದಾಗಿ ಹಚ್ಚಬೇಡಿ.

ಇದೆಲ್ಲಕ್ಕೂ ಮೊದಲು ಮಣ್ಣು ಪರೀಕ್ಷೆ ಆಗಲಿ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೊಲದ ಮೇಲ್ಮಣ್ಣಿನ ಮೇಲೆ ಆಡಿಸಿದರೆ ಕಪ್ಪು ಪುಡಿ ಮೀಸೆಯಂತೆ ನಿಮಿರಿ ಅಂಟಬಹುದು. ಅದು ಕಬ್ಬಿಣದ ಧೂಳು, ಸೀಸ ಇದೆ ಎಂಬುದಕ್ಕೆ ಸಾಕ್ಷಿಯಲ್ಲ. ಮಾಮೂಲಿ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸತು, ಕಬ್ಬಿಣ ಬರುತ್ತವೆಯೇ ಹೊರತು ಸೀಸ, ಕ್ಯಾಡ್ಮಿಯಂನಂಥ ವಿಷಲೋಹಗಳು ಬರುವುದಿಲ್ಲ. ಅವನ್ನು ಬೇರೆಯಾಗಿಯೇ ಬರೆದು ಕೇಳಬೇಕು. ಕಾರ್ಖಾನೆ ಅಂಚಿನ ಮಣ್ಣನ್ನೂ ದೂರದ ಅಂಚಿನ ಮಣ್ಣನ್ನೂ ಬೆರೆಸದೆ ಎರಡು ಚೀಲ ಮಾಡಿ, ತುಕ್ಕು ಹಿಡಿದ ಸಲಿಕೆ ಬಳಸಬೇಡಿ.

ವರದಿ ಬರುವವರೆಗೆ ಆ ಹೊಲದಲ್ಲಿ ಮೆಂತ್ಯ, ರಾಜಗಿರಿ, ಪುಂಡಿಪಲ್ಯ ಬೇಡ. ಜೋಳದ ಕಣಿಕೆಯನ್ನು ಚೆನ್ನಾಗಿ ಕೊಡವಿ ದನಕ್ಕೆ ಹಾಕಿ. ಪ್ರಯೋಗಕ್ಕೆಂದು ಸಾಸಿವೆ ಬಿತ್ತಿದ್ದೇ ಆದರೆ ಅದನ್ನು ಮೇವಿಗೂ ಒಲೆಗೂ ತಿಪ್ಪೆಗೂ ಹಾಕದೆ ಬೇರೆಯಾಗಿ ಚೀಲ ಕಟ್ಟಿಡಿ.