ಎಷ್ಟು ಸಲ ಸೋತರೆ ಕೈಬಿಡಬಹುದು?

ಓದುಗರ ಪತ್ರ (ಸಂಕ್ಷಿಪ್ತ): ಬಲ್ಬ್ ಮಾಡುವಾಗ ಹತ್ತು ಸಾವಿರ ಸಲ ಸೋತರೂ ಛಲ ಬಿಡದ ಎಡಿಸನ್ ನನ್ನ ಆರಾಧ್ಯದೈವ. ಮೂರು ವರ್ಷಗಳಿಂದ ನಾನೂ ಬಿಸಿಲಲ್ಲಿ ಧಾನ್ಯ ಒಣಗಿಸುವ ಪೆಟ್ಟಿಗೆಯೊಂದನ್ನು ಮಾಡುತ್ತಿದ್ದೇನೆ. ಮೂರು ಮಾದರಿಗಳಲ್ಲೂ ಗಾಜಿನ ಒಳಗೆ ನೀರು ಕಟ್ಟಿ, ಧಾನ್ಯ ಬೂಷ್ಟು ಹಿಡಿಯಿತು. ಎಷ್ಟು ಸಲ ಸೋತರೆ ಕೈಬಿಡಬಹುದು? ನಿಮ್ಮ ಆರಾಧ್ಯ ಯಾರು? ನಕ್ಷೆಯ ಜೆರಾಕ್ಸ್ ಲಗತ್ತಿಸಿದ್ದೇನೆ.

ಸಂಪಾದಕರ ಉತ್ತರ:

ನಿಮ್ಮ ಪತ್ರ ಐದು ಪುಟ. ನಾಲ್ಕೂವರೆ ಪುಟವನ್ನು ಎಡಿಸನ್ ನುಂಗಿದ್ದಾರೆ. ನಿಮ್ಮ ಪೆಟ್ಟಿಗೆಗೆ ಸಿಕ್ಕಿದ್ದು ಒಂದು ಸಾಲು, ಆ ಸಾಲಿಗೆ ಆಮೇಲೆ ಬರುತ್ತೇನೆ.

ಮೊದಲು ಆ ಹತ್ತು ಸಾವಿರದ ಲೆಕ್ಕ. ಆ ಕಥೆಯ ಬೇರು ಇರುವುದು ಬಲ್ಬಿನಲ್ಲಲ್ಲ, ಬ್ಯಾಟರಿಯಲ್ಲಿ. ಎಡಿಸನ್ ಬದುಕಿದ್ದಾಗಲೇ, 1910ರಲ್ಲಿ, ಬಂದ ಅವರ ಜೀವನಚರಿತ್ರೆಯಲ್ಲಿ ಸಹೋದ್ಯೋಗಿ ವಾಲ್ಟರ್ ಮ್ಯಾಲರಿ ಅದನ್ನು ಹೇಳುತ್ತಾರೆ. ಬ್ಯಾಟರಿಗಾಗಿ ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಮಾಡಿಯೂ ಫಲಿತಾಂಶ ಸಿಗಲಿಲ್ಲವಲ್ಲ ಎಂದು ಇವರು ಮರುಗಿದರೆ, ಫಲಿತಾಂಶ ಬೇಕಾದಷ್ಟು ಸಿಕ್ಕಿದೆ, ಯಾವುದು ಕೆಲಸಕ್ಕೆ ಬಾರದು ಎಂಬುದು ಸಾವಿರಗಟ್ಟಲೆ ಗೊತ್ತಾಗಿದೆ ಎಂದರಂತೆ ಎಡಿಸನ್. ಬಾಯಿಂದ ಬಾಯಿಗೆ ದಾಟುತ್ತ ಆ ಮಾತು ಬಲ್ಬಿಗೆ ಅಂಟಿಕೊಂಡಿತು. ಬಲ್ಬಿನ ಕೆಲಸ ಹಿಡಿದದ್ದು 1878ರಲ್ಲಿ, ಸುಟ್ಟು ಇದ್ದಿಲಾಗಿಸಿದ ಹತ್ತಿ ನೂಲು ಗಂಟೆಗಟ್ಟಲೆ ಉರಿದದ್ದು 1879ರ ಅಕ್ಟೋಬರಿನಲ್ಲಿ. ಆ ಅವಧಿಯಲ್ಲಿ ಮೆನ್ಲೊ ಪಾರ್ಕಿನ ಅವರ ಪ್ರಯೋಗಾಲಯದಲ್ಲಿ ಬ್ಯಾಚಲರ್, ಅಪ್ಟನ್‌ರಂಥ ಸಹಾಯಕರಿದ್ದರು, ಗಾಜು ಊದುವವರಿದ್ದರು, ಬೆನ್ನಿಗೆ ಹೂಡಿಕೆದಾರರಿದ್ದರು. ಸೋತ ದಿನವೂ ಸಂಬಳ ಬರುವ ಮನೆಯಲ್ಲಿ ಸೋಲಿನ ರುಚಿಯೇ ಬೇರೆ.

ಇನ್ನೊಂದು ಸಂಗತಿಯನ್ನು ನೀವು ಬರೆದಿಲ್ಲ. ಎಡಿಸನ್ ಕೈಬಿಟ್ಟದ್ದೂ ಉಂಟು. 1890ರ ದಶಕದಲ್ಲಿ ನ್ಯೂಜೆರ್ಸಿಯ ಬೆಟ್ಟಗಳಲ್ಲಿ ಬಂಡೆ ಪುಡಿಮಾಡಿ, ಆಯಸ್ಕಾಂತದಿಂದ ಕಬ್ಬಿಣದ ಅದಿರನ್ನು ಬೇರ್ಪಡಿಸಲು ಅವರು ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ಸುರಿದರು. ಅಷ್ಟರಲ್ಲಿ ಮಿನೆಸೋಟದ ಮೆಸಾಬಿಯಲ್ಲಿ ಉತ್ತಮ ಅದಿರು ಸಿಕ್ಕಿ ಬೆಲೆ ಬಿದ್ದುಹೋಯಿತು. ಬಾಗಿಲು ಹಾಕಿದರು. ಬಂಡೆ ಪುಡಿಮಾಡುವ ವಿದ್ಯೆಯನ್ನು ಮಾತ್ರ ಸಿಮೆಂಟ್ ಉದ್ಯಮಕ್ಕೆ ಹೊತ್ತೊಯ್ದರು. ನಿಮ್ಮ ಪ್ರಶ್ನೆಗೆ ಎಡಿಸನ್ನರದೇ ಉತ್ತರ ಬೇಕಿದ್ದರೆ ಬಲ್ಬಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬಂದೀತು.

ನನ್ನ ಆರಾಧ್ಯ ಯಾರೆಂದು ಕೇಳಿದ್ದೀರಿ. ನಿಮ್ಮ ಪತ್ರದ ಜೊತೆಗೇ ಬಂದಿದ್ದಾರೆ, ಆ ಜೆರಾಕ್ಸ್ ಹಾಳೆಯ ರೂಪದಲ್ಲಿ. ಹೆಸರು ಚೆಸ್ಟರ್ ಕಾರ್ಲ್ಸನ್, ಜೆರಾಕ್ಸ್ ವಿಧಾನವನ್ನು ಕಂಡುಹಿಡಿದವರು. 1906ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದವರು. ಅಪ್ಪ ಕಾಯಿಲೆಯವರು, ಹೀಗಾಗಿ ಓದುವ ವಯಸ್ಸಿನಲ್ಲೇ ದುಡಿದು ಮನೆ ನಡೆಸಿದರು. 1930ರಲ್ಲಿ ಕ್ಯಾಲ್‌ಟೆಕ್‌ನಿಂದ ಭೌತಶಾಸ್ತ್ರದ ಪದವಿ ಹಿಡಿದು ಹೊರಬಂದಾಗ ಎದುರಿಗಿದ್ದದ್ದು ಮಹಾ ಆರ್ಥಿಕ ಕುಸಿತ. ಕೊನೆಗೆ ನೆಲೆ ಸಿಕ್ಕಿದ್ದು ಪೇಟೆಂಟ್ ವಿಭಾಗದ ಗುಮಾಸ್ತಿಕೆಯಲ್ಲಿ. ದಾಖಲೆಗಳ ಪ್ರತಿ ಎಷ್ಟಿದ್ದರೂ ಸಾಲದು. ರಾತ್ರಿ ಕಾನೂನು ಓದಲು ಪುಸ್ತಕ ಕೊಳ್ಳುವ ಶಕ್ತಿಯಿಲ್ಲ, ಗ್ರಂಥಾಲಯದಲ್ಲಿ ಕೂತು ಕೈಯಲ್ಲೇ ನಕಲು ತೆಗೆಯಬೇಕು, ಅದರ ಮೇಲೆ ಸಂಧಿವಾತ. ಒಂದು ಗುಂಡಿ ಒತ್ತಿದರೆ ಪ್ರತಿ ಬರಬಾರದೇ ಎಂಬ ಆಸೆ ಹುಟ್ಟಿದ್ದು ಆ ನೋವಿನಲ್ಲಿ.

ರಾಸಾಯನಿಕ ವಿಧಾನದಲ್ಲಿ ದೊಡ್ಡ ಫೋಟೊ ಕಂಪನಿಗಳು ಆಗಲೇ ಬೀಡುಬಿಟ್ಟಿದ್ದವು. ಇವರು ಆ ಹಾದಿ ಬಿಟ್ಟರು. ಹಂಗೆರಿಯ ಪಾಲ್ ಸೆಲೆನಿಯ ಬರಹ ಓದಿ ಸ್ಥಿರವಿದ್ಯುತ್ತಿನತ್ತ ಹೊರಳಿದರು. ಮನೆಯ ಒಲೆಯ ಮೇಲೆ ಗಂಧಕ ಕಾಯಿಸಿ ಹೊಗೆ ಎಬ್ಬಿಸಿದರು. ತಮ್ಮ ಕೈಚಳಕ ಸಾಲದೆಂದು ತಿಳಿದಾಗ ಜೇಬಿನ ಹಣದಲ್ಲೇ ಆಟೊ ಕೊರ್ನೈ ಎಂಬ ಆಸ್ಟ್ರಿಯಾದ ಎಂಜಿನಿಯರನ್ನು ಜೊತೆಗೆ ಸೇರಿಸಿಕೊಂಡರು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದ ಒಂದು ಕೋಣೆಯಲ್ಲಿ ಗಂಧಕ ಹಚ್ಚಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ಸ್ಥಿರವಿದ್ಯುತ್ತು ಹುಟ್ಟಿಸಿದರು, ಅಕ್ಷರ ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟರು, ಪುಡಿ ಉದುರಿಸಿ ಊದಿದರು. ತಗಡಿನ ಮೇಲೆ ಆ ದಿನದ ತಾರೀಖು, ಊರಿನ ಹೆಸರು ಉಳಿದವು. ಮೇಣದ ಕಾಗದ ಒತ್ತಿ ಎತ್ತಿಕೊಂಡರು.

ಕಥೆ ಇಲ್ಲಿಗೆ ಮುಗಿದಿದ್ದರೆ ಇವರು ನನ್ನ ಆರಾಧ್ಯ ಆಗುತ್ತಿರಲಿಲ್ಲ. ಯಂತ್ರ ಗೆದ್ದ ಮೇಲೆ ಮನುಷ್ಯರು ಸೋಲಿಸಿದರು. ಕೊರ್ನೈ ಬೇರೆ ಕೆಲಸಕ್ಕೆ ಹೋದರು. ಐಬಿಎಂ, ಜನರಲ್ ಎಲೆಕ್ಟ್ರಿಕ್, ಆರ್‌ಸಿಎ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಬೇಡವೆಂದವು. ಅಷ್ಟು ಬಾಗಿಲು ಮುಚ್ಚಿದ ಮೇಲೆ, 1944ರಲ್ಲಿ ಓಹಾಯೊದ ಬ್ಯಾಟೆಲ್ ಸಂಶೋಧನಾ ಸಂಸ್ಥೆ ಕೈಹಿಡಿಯಿತು. ಅದಾದ ಮೇಲೆ ರೋಚೆಸ್ಟರ್‌ನ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ಬಂತು. ಗಂಧಕದ ಜಾಗಕ್ಕೆ ಸೆಲೆನಿಯಂ ಬಂತು. 1949ರಲ್ಲಿ ಬಂದ ಮೊದಲ ಯಂತ್ರದಲ್ಲಿ ಎಲ್ಲವನ್ನೂ ಕೈಯಿಂದಲೇ ಮಾಡಬೇಕಿತ್ತು, ಕಚೇರಿಯವರು ಮೂಗು ಮುರಿದರು. ಗುಂಡಿ ಒತ್ತಿದರೆ ಪ್ರತಿ ಬರುವ, 914 ಎಂಬ ಹೆಸರಿನ ಯಂತ್ರ ಬಂದದ್ದು 1959ರಲ್ಲಿ, ಸುಮಾರು ಮುನ್ನೂರು ಕಿಲೊ ತೂಕ. ಒಳಗೆ ಕಾಗದ ಹೊತ್ತಿಕೊಂಡರೆ ಆರಿಸಲು ಬೆಂಕಿ ಆರಿಸುವ ಸಾಧನವೂ ಜೊತೆಗಿತ್ತು. ಆಸ್ಟೋರಿಯಾದಿಂದ ಇಲ್ಲಿಗೆ ಇಪ್ಪತ್ತೊಂದು ವರ್ಷ. ಈ ನಡುವೆ ಮೊದಲ ಮದುವೆ ಮುರಿದಿತ್ತು. ಆಮೇಲೆ ಕೈಸೇರಿದ ಸಂಪತ್ತಿನ ಬಹುಪಾಲನ್ನು ಅವರು ಸದ್ದಿಲ್ಲದೆ ದಾನ ಮಾಡಿ, 1968ರಲ್ಲಿ ತೀರಿಕೊಂಡರು.

ಕಾರ್ಲ್ಸನ್ ಛಲದಲ್ಲಿ ತ್ರಿವಿಕ್ರಮನೇ ಸರಿ. ಆದರೆ ತ್ರಿವಿಕ್ರಮ ಪ್ರತಿ ಸಲವೂ ಅದೇ ಮರ ಹತ್ತಿ, ಅದೇ ಶವ ಇಳಿಸಿ, ಅದೇ ರೀತಿ ಬಾಯಿಬಿಟ್ಟು ಮೋಸಹೋಗುತ್ತಾನೆ. ಕಾರ್ಲ್ಸನ್‌ಗೆ ಮೊದಲು ವಿಧಾನ ಕೈಕೊಟ್ಟಿತು, ಆಮೇಲೆ ಕೈಚಳಕ, ಆಮೇಲೆ ಕೊಳ್ಳುವವರು. ಒಂದು ಸೋಲು ಇನ್ನೊಂದರಂತಿರಲಿಲ್ಲ. ಸೋಲು ಜಾಗ ಬದಲಿಸುತ್ತಿದ್ದರೆ ಕೆಲಸ ಮುಂದಕ್ಕೆ ಹೋಗುತ್ತಿದೆ ಎಂದು ನಾನು ತಿಳಿಯುತ್ತೇನೆ.

ಈಗ ನಿಮ್ಮ ಒಂದು ಸಾಲು. ಮೂರು ಮಾದರಿಗಳಲ್ಲೂ ಗಾಜಿನ ಒಳಗೆ ನೀರು ಕಟ್ಟಿತು, ಧಾನ್ಯ ಬೂಷ್ಟು ಹಿಡಿಯಿತು. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಲೆಕ್ಕದಲ್ಲಿ ನೀವು ಸೋತದ್ದು ಮೂರು ಸಲವಲ್ಲ, ಒಂದೇ ಸಲ. ಬಿಸಿಲು ಧಾನ್ಯದಿಂದ ತೇವವನ್ನು ಎಬ್ಬಿಸುತ್ತಿದೆ, ಅಂದರೆ ಅರ್ಧ ಕೆಲಸ ಆಗುತ್ತಿದೆ. ಎದ್ದ ತೇವ ಹೊರಹೋಗುತ್ತಿಲ್ಲ, ಗಾಜಿಗೆ ಬಡಿದು ವಾಪಸು ಬೀಳುತ್ತಿದೆ. ಹಗುರವಾದ ಬಿಸಿಗಾಳಿ ಮೇಲಿನಿಂದ ಹೊರಟು, ಒಣಗಾಳಿ ಕೆಳಗಿನಿಂದ ಬರಲು ದಾರಿ ಎಷ್ಟು ಅಗಲವಿದೆ ಎಂಬುದನ್ನು ನಕ್ಷೆಯಲ್ಲಿ ಹುಡುಕಿದೆ. ಬಲಮೇಲಿನ ಮೂಲೆ ಮಸುಕಾಗಿದೆ, ಕಾರ್ಲ್ಸನ್ ಕ್ಷಮಿಸಲಿ. ಕಿಂಡಿ ಅಲ್ಲಿದ್ದರೆ ಅದರ ಅಳತೆಯನ್ನು ಪಕ್ಕದಲ್ಲಿ ಪೆನ್ನಿನಿಂದಲೇ ಬರೆದು, ಇನ್ನೊಂದು ಪ್ರತಿ ಕಳಿಸಿ.