ಕೆಂಪು-ನೀಲಿ ಆಯತಗಳ ಆ ವಿಡಿಯೊ ಗೂಢಚಾರರ ಸಂಕೇತವೇ?

ಯೂಟ್ಯೂಬಿನಲ್ಲಿ ಕೆಂಪು, ನೀಲಿ ಆಯತಗಳು ಬೀಪ್ ಸದ್ದಿನೊಂದಿಗೆ ಬದಲಾಗುತ್ತ ಹೋಗುವ 11 ಸೆಕೆಂಡುಗಳ ವಿಡಿಯೊವೊಂದನ್ನು ಕಂಡಿರುವುದಾಗಿಯೂ, ಅದು ಗೂಢಚಾರರ ಸಂಕೇತವೆಂದು ಗೆಳೆಯರು ಹೇಳುತ್ತಿರುವುದಾಗಿಯೂ ಬರೆದು, ಇದು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ನಿಮ್ಮ ವಿವರಣೆಯು ವೆಬ್‌ಡ್ರೈವರ್ ಟಾರ್ಸೊ ಎಂಬ ಚಾನೆಲ್ಲಿಗೆ ಸರಿಹೊಂದುತ್ತದೆ. ಅದು ತನ್ನದೇ ಪರೀಕ್ಷಾ ಚಾನೆಲ್ ಎಂದು ಗೂಗಲ್ 2014ರಲ್ಲಿಯೇ ಒಪ್ಪಿಕೊಂಡಿದೆ.

ಆ ಕಾಲದಲ್ಲಿ ಜನ ದಿಗಿಲುಗೊಂಡದ್ದು ಸಹಜವೇ. 2013ರ ಸೆಪ್ಟೆಂಬರಿನಿಂದ ಮುಂದಿನ ವರ್ಷದ ನಡುಭಾಗದೊಳಗೆ 75,000ಕ್ಕೂ ಹೆಚ್ಚು ವಿಡಿಯೊಗಳು, ಎಂದರೆ ಹಗಲುರಾತ್ರಿ ಸೇರಿಸಿ ಸರಾಸರಿ ಐದು ನಿಮಿಷಕ್ಕೊಂದರಂತೆ, ಒಂದು ಮಾತಿನ ವಿವರಣೆಯೂ ಇಲ್ಲದೆ ಅಲ್ಲಿ ಬಂದು ಸೇರಿದ್ದವು. ಶೀತಲ ಸಮರದ ದಿನಗಳಲ್ಲಿ ಕಿರುತರಂಗ ರೇಡಿಯೊದಲ್ಲಿ ಬರೀ ಅಂಕಿಗಳನ್ನು ಓದುತ್ತಿದ್ದ ಗುಪ್ತ ಕೇಂದ್ರಗಳ ಹೊಸ ಅವತಾರವಿದು ಎಂದು ಕೆಲವರು ವಾದಿಸಿದರು. ಇನ್ನು ಕೆಲವರು ಅನ್ಯಗ್ರಹ ಜೀವಿಗಳವರೆಗೂ ಹೋದರು. ನಡುವೆ ಐಫೆಲ್ ಗೋಪುರದ ತುಣುಕೊಂದು ಕಾಣಿಸಿಕೊಂಡ ಮೇಲಂತೂ ಊಹೆಗಳಿಗೆ ಲಂಗುಲಗಾಮಿಲ್ಲದಂತಾಯಿತು.

ನನಗೆ ಬೇಸರವಾಗುವುದು ಇಲ್ಲಿಯೇ. ಎಲ್ಲರೂ ಆಯತಗಳಲ್ಲಿ ಅರ್ಥ ಹುಡುಕಿದರೇ ಹೊರತು ಹೆಸರುಗಳನ್ನು ಗಮನವಿಟ್ಟು ಓದಿದವರು ಕಡಿಮೆ. ಆ ವಿಡಿಯೊಗಳ ಶೀರ್ಷಿಕೆಗಳು ‘ಟಿಎಂಪಿ’ ಎಂಬ ಅಕ್ಷರಗಳಿಂದ ಆರಂಭವಾಗುತ್ತಿದ್ದವು. ಪ್ರೋಗ್ರಾಮುಗಳು ತಾತ್ಕಾಲಿಕ ಫೈಲುಗಳಿಗೆ ತಾವಾಗಿಯೇ ಇಡುವ ಹೆಸರು ಅಂಥದ್ದು. ವೆಬ್‌ಡ್ರೈವರ್ ಎಂಬುದಾದರೂ, ಮನುಷ್ಯರ ಕೈ ಸೋಕದೆ ಬ್ರೌಸರನ್ನು ನಡೆಸುವ, ಸಾಫ್ಟ್‌ವೇರ್ ಪರೀಕ್ಷಕರಿಗೆಲ್ಲ ಪರಿಚಿತವಾದ ಸಾಧನದ ಹೆಸರು. ಕೊನೆಗೆ ಇಟಲಿಯ ಬ್ಲಾಗರ್ ಒಬ್ಬರು ಆ ಚಾನೆಲ್ಲಿನ ನಂಟನ್ನು ಗೂಗಲ್ಲಿನ ಜ್ಯೂರಿಕ್ ಕಚೇರಿಯವರೆಗೆ ಹುಡುಕಿಕೊಂಡು ಹೋದರು.

ಇದು ನನಗೆ ಸುಲಭವಾಗಿ ಅರ್ಥವಾಗಲು ನನ್ನ ಕೆಲಸವೂ ಕಾರಣ. ಉಡುಪಿಯ ಸುತ್ತಮುತ್ತ ನಡೆಯುವ ಯಕ್ಷಗಾನ ಬಯಲಾಟಗಳನ್ನು ನಾನು ನೇರಪ್ರಸಾರ ಮಾಡುತ್ತೇನೆ. ಚಂಡೆಗೆ ಕೋಲು ಬಿದ್ದ ಮೇಲೆ ಸದ್ದು ಅರೆಕ್ಷಣ ತಡವಾಗಿ ಕೇಳಿದರೂ ಆಟ ಕೆಟ್ಟಂತೆಯೇ. ಆದ್ದರಿಂದ ಪ್ರತಿವರ್ಷ ಮೇಳಗಳ ತಿರುಗಾಟ ಆರಂಭವಾಗುವ ಮೊದಲು, ಬಿಳಿ ಪರದೆಯಲ್ಲಿ ಸೆಕೆಂಡಿಗೊಂದು ಅಂಕಿ, ಅದರೊಡನೆ ಒಂದು ಬೀಪ್ ಇರುವ ಫೈಲನ್ನು ಏರಿಸಿ, ಚಿತ್ರಕ್ಕೂ ಸದ್ದಿಗೂ ಅಂತರ ಬಿದ್ದಿದೆಯೇ ಎಂದು ನೋಡುತ್ತೇನೆ. ಒಮ್ಮೆ ಅದನ್ನು ಖಾಸಗಿಯಾಗಿಡಲು ಮರೆತಾಗ ಮುಂಬಯಿಯಿಂದ ಸೋದರಮಾವ ಗಾಬರಿಯಿಂದ ಫೋನ್ ಮಾಡಿ, “ಎಂತದು ಮಾರಾಯಾ, ನಿನ್ನ ಚಾನೆಲ್ ಯಾರಾದರೂ ಹ್ಯಾಕ್ ಮಾಡಿದ್ರಾ?” ಎಂದು ಕೇಳಿದ್ದರು.

ಗೂಗಲ್ ಮಾಡುತ್ತಿದ್ದುದೂ ಇಂಥದ್ದೇ ಕೆಲಸ, ಬಹುದೊಡ್ಡ ಪ್ರಮಾಣದಲ್ಲಿ. ಅಪ್‌ಲೋಡ್ ನಿಧಾನವಾಗದಂತೆ, ವಿಡಿಯೊ ಗುಣಮಟ್ಟ ಕೆಡದಂತೆ ನೋಡಿಕೊಳ್ಳುವ ಪರೀಕ್ಷೆಗಳಿವು ಎಂದು ಅದು ತಿಳಿಸಿತು. ಚೂಪಾದ ಅಂಚಿನ ಆಯತ, ಅಚ್ಚ ಬಣ್ಣ, ಒಂದೇ ಸ್ವರದ ಸದ್ದು: ಇವು ಏರಿಸಿದಂತೆಯೇ ಮರಳಿ ಬಂದಿವೆಯೇ ಎಂಬುದನ್ನು ಯಂತ್ರವೇ ಹೋಲಿಸಿ ನೋಡಬಲ್ಲದು.

ನೀವು ಕಂಡ ವಿಡಿಯೊವನ್ನು ಇನ್ನೊಮ್ಮೆ ತೆರೆದು, ಪರದೆಯ ಎಡ ಕೆಳಮೂಲೆಯಲ್ಲಿರುವ ಸಣ್ಣ ಅಕ್ಷರಗಳನ್ನು ಓದಿರಿ. ‘ಅಕ್ವಾ ಡಾಟ್ ಎಫ್‌ಎಲ್‌ವಿ’ ಎಂಬ ಫೈಲಿನ ಹೆಸರೂ ಸ್ಲೈಡಿನ ಸಂಖ್ಯೆಯೂ ಅಲ್ಲಿದ್ದರೆ ಅದು ಇದೇ ಸರಣಿಯದು.