ಅಪ್ಪನ .315 ರೈಫಲ್‌ಗೆ ರೆಮಿಂಗ್ಟನ್ ಟ್ರಿಗರ್ ಕೂರುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಶಿರಸಿಯಲ್ಲಿದ್ದ ಅಪ್ಪನ .315 ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟ್ ಅನ್ನುವ ಉಕ್ಕಿನ ದಂಡವನ್ನು ಕೈಯಿಂದ ಹಿಂದೆಳೆದು ಮುಚ್ಚುವಂಥದ್ದು) ಈಗ ಠಾಣೆ ನಗರದಲ್ಲಿ ನಿಮ್ಮ ಲೈಸೆನ್ಸ್‌ಗೆ ಬಂದಿದೆ. ಟ್ರಿಗರ್ ತುಂಬಾ ಬಿಗಿ, ಮಳೆಗಾಲದಲ್ಲಿ ಇನ್ನೂ ಬಿಗಿ. ರೆಮಿಂಗ್ಟನ್ 700 ಅನ್ನುವ ಅಮೆರಿಕದ ರೈಫಲ್‌ಗೆ ಅಂತ ಮಾರುವ ಟ್ರಿಗರ್ ತರಿಸಿ ಹಾಕಬಹುದಾ, ಬೋಲ್ಟ್ ಆ್ಯಕ್ಷನ್ ಅಂದ ಮೇಲೆ ಎಲ್ಲವೂ ಒಂದೇ ಅಲ್ವಾ ಅಂತ ಕೇಳಿದ್ದೀರಿ.

ಒಂದೇ ಅಲ್ಲ. ಅದು ಕೂರುವುದೂ ಇಲ್ಲ. ಆದರೆ ಮಳೆಗಾಲದ ಮಾತು ಹೇಳಿದಿರಲ್ಲ, ನಿಮ್ಮ ತೊಂದರೆಯ ಸುಳಿವು ಅದರಲ್ಲೇ ಇರಬಹುದು. ನಾನು ಧಾರವಾಡದವನು, ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಬಾಲೆವಾಡಿಯ ರೇಂಜ್‌ನಲ್ಲಿ .22 ರೈಫಲ್ ಹೊಡೆಯುತ್ತೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಟ್ರಿಗರ್‌ಗೆ ಊರಲ್ಲಿ ಹಿರಿಯರು ಕೋವಿಯ ಕುದುರೆ ಅಂತಿದ್ದರು. ಇಲ್ಲಿ ಮರಾಠಿಯವರು ಚಾಪ್ ಅನ್ನುತ್ತಾರೆ. ಎರಡೂ ಹೆಸರಲ್ಲಿ ನಮ್ಮ ಕಣ್ಣಿಗೆ ಬರುವುದು ಹೊರಗೆ ಕಾಣುವ ಭಾಗ ಮಾತ್ರ. ನಿಜವಾದ ಭಾರ ಹೊರುವುದು ಒಳಗಿರುವ ಸಿಯರ್. ಬೋಲ್ಟ್ ಒಳಗೆ ಫೈರಿಂಗ್ ಪಿನ್ ಇರುತ್ತದೆ, ಅದರ ಹಿಂದಿನ ತುದಿಯಲ್ಲಿ ಕಾಕಿಂಗ್ ಪೀಸ್. ಬಲವಾದ ಸ್ಪ್ರಿಂಗ್ ಅದನ್ನು ಮುಂದಕ್ಕೆ ನೂಕುತ್ತಲೇ ಇರುತ್ತದೆ. ಅದನ್ನು ತಡೆದು ನಿಲ್ಲಿಸುವ ಉಕ್ಕಿನ ಸಣ್ಣ ಅಂಚೇ ಸಿಯರ್. ಟ್ರಿಗರ್ ಎಳೆದರೆ ಆ ಅಂಚು ಸರಿಯುತ್ತದೆ, ಅಷ್ಟೇ. ಅಂದರೆ ಟ್ರಿಗರ್‌ನ ಅರ್ಧ ಕೆಲಸ ಬೋಲ್ಟ್‌ನಲ್ಲಿದೆ. ಬೋಲ್ಟ್ ಬೇರೆಯಾದರೆ ಟ್ರಿಗರ್ ಬೇರೆ.

ರೆಮಿಂಗ್ಟನ್ 700ರಲ್ಲಿ ಸಿಯರ್, ಟ್ರಿಗರ್, ಸ್ಪ್ರಿಂಗ್ ಎಲ್ಲವೂ ಒಂದು ಸಣ್ಣ ಡಬ್ಬಿಯಲ್ಲಿರುತ್ತವೆ. ಆ ಡಬ್ಬಿ ರಿಸೀವರ್‌ನ, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಒಡಲಿನ, ಕೆಳಗೆ ಎರಡು ಪಿನ್ನುಗಳಲ್ಲಿ ನೇತಾಡುತ್ತದೆ. ಅದಕ್ಕೇ ಅದಕ್ಕೆ ಟಿಮ್ನಿ, ಟ್ರಿಗರ್‌ಟೆಕ್ ಅಂತ ಬೇರೆ ಕಂಪನಿಗಳ ಡಬ್ಬಿಗಳು ಇಷ್ಟೊಂದು ಸಿಗುತ್ತವೆ. 1898ರ ಮೌಸರ್ ಅನ್ನುವ ಜರ್ಮನ್ ರೈಫಲ್‌ನದು ಬೇರೆ ಕತೆ. ಅಲ್ಲಿ ಟ್ರಿಗರ್‌ನ ತಲೆಯ ಮೇಲೆ ಎರಡು ಉಬ್ಬುಗಳಿವೆ. ಮೊದಲ ಉಬ್ಬು ರಿಸೀವರ್‌ಗೆ ಒತ್ತಿದಾಗ ಸಲೀಸಾಗಿ ಸಾಗುತ್ತದೆ. ಎರಡನೆಯದು ತಾಗಿದಾಗ ಗಟ್ಟಿ ಅನಿಸುತ್ತದೆ. ಇದನ್ನೇ ಎರಡು ಹಂತದ ಟ್ರಿಗರ್ ಅನ್ನುವುದು. ಮೌಸರ್‌ಗೂ ಬದಲಿ ಡಬ್ಬಿ ಸಿಗುತ್ತದೆ, ಆದರೆ ಅದಕ್ಕೆ ಜಾಗ ಮಾಡಲು ಸ್ಟಾಕ್‌ನ, ಅಂದರೆ ರೈಫಲ್‌ನ ಮರದ ಹಿಡಿಯ, ಕಟ್ಟಿಗೆ ಕೆತ್ತಬೇಕಾಗುವುದು ಸಾಮಾನ್ಯ.

ನಿಮ್ಮ .315 ಬ್ರಿಟಿಷ್ ಸೈನ್ಯದ ಹಳೆಯ ರೈಫಲ್ ಲೀ-ಎನ್‌ಫೀಲ್ಡ್ ವಂಶದ್ದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಆ ವಂಶದ ಹಳೆಯ ಮಾದರಿಗಳಲ್ಲಿ ಸಿಯರ್ ಇರುವುದು ರಿಸೀವರ್‌ನಲ್ಲಿ, ಟ್ರಿಗರ್ ಇರುವುದು ಕೆಳಗಿನ ಟ್ರಿಗರ್ ಗಾರ್ಡ್‌ನಲ್ಲಿ, ಅಂದರೆ ಟ್ರಿಗರ್ ಸುತ್ತಲಿನ ಲೋಹದ ಕಾಪಿನಲ್ಲಿ. ಎರಡರ ನಡುವೆ ಇರುವುದು ಕಟ್ಟಿಗೆ! ನಮ್ಮ ಕಡೆ ಮಳೆ ಹಿಡಿದರೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಸ್ಟಾಕ್ ಸುಮ್ನೆ ಇರುತ್ತಾ? ಕಟ್ಟಿಗೆ ಉಬ್ಬಿದರೆ ಗಾರ್ಡ್ ಕೆಳಗೆ ಸರಿಯುತ್ತದೆ, ಟ್ರಿಗರ್ ಸಿಯರ್‌ಗೆ ತಾಗುವ ಜಾಗ ಬದಲಾಗುತ್ತದೆ. ಬೇಸಿಗೆಯಲ್ಲಿ ಕುಗ್ಗಿದರೆ ಇದೇ ತಿರುಗು ಮುರುಗು. ಈ ದೋಷ ಬ್ರಿಟಿಷ್ ಸೈನ್ಯಕ್ಕೂ ಗೊತ್ತಿತ್ತು. ಆಮೇಲೆ ಬಂದ ನಂಬರ್ 4 ಮಾರ್ಕ್ 2 ಮಾದರಿಯಲ್ಲಿ ಟ್ರಿಗರ್ ಅನ್ನು ಗಾರ್ಡ್‌ನಿಂದ ತೆಗೆದು ರಿಸೀವರ್‌ಗೇ ತೂಗುಹಾಕಿದರು.

ಹಾಗಾಗಿ ಮೊದಲು ನೋಡಬೇಕಾದದ್ದು ಕಟ್ಟಿಗೆಯನ್ನು, ಟ್ರಿಗರ್ ಅನ್ನಲ್ಲ. ಗಾರ್ಡ್ ಸ್ಕ್ರೂ ಸಡಿಲವಾಗಿದೆಯಾ, ಕಟ್ಟಿಗೆ ಎಲ್ಲಾದರೂ ಒತ್ತುತ್ತಿದೆಯಾ, ಸಿಯರ್ ಸುತ್ತ ವರ್ಷಗಳ ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಿದೆಯಾ ಅಂತ ತೋರಿಸಿ. ಬಿಗಿ ಅಂತ ನಮಗೆ ಅನಿಸುವುದು ಎಷ್ಟೋ ಸಲ ತೂಕವಲ್ಲ, ಒರಟುತನ. ಇನ್ನೊಂದು ಮಾತು. ಸೈನ್ಯದ ಲೀ-ಎನ್‌ಫೀಲ್ಡ್‌ಗಳಲ್ಲಿ ಎರಡನೇ ಹಂತದ ಎಳೆತ ಸುಮಾರು ಎರಡೂಕಾಲರಿಂದ ಮೂರು ಕಿಲೋ ಇರುತ್ತಿತ್ತು. ಆ ವಂಶದಲ್ಲಿ ಅದು ರೋಗವಲ್ಲ.

ರೇಂಜ್‌ನಲ್ಲಿ ಟ್ರಿಗರ್ ಹಗುರ ಇರುತ್ತದಲ್ಲ ಅಂತ ನೀವು ಕೇಳಬಹುದು. ಹೌದು. ಬಾಲೆವಾಡಿಯಲ್ಲೇ ಅಭ್ಯಾಸ ಮಾಡಿದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್‌ಗೆ ಕನಿಷ್ಠ ತೂಕದ ನಿಯಮವೇ ಇಲ್ಲ. ಅಂಥ ರೈಫಲ್‌ಗಳಲ್ಲಿ ನೂರು ಗ್ರಾಂ ಆಸುಪಾಸಿನ ಎಳೆತ ಮಾಮೂಲು. ಆದರೆ ಅವುಗಳಿಗೆ ಗುಂಡು ತುಂಬುವುದು ಫೈರಿಂಗ್ ಪಾಯಿಂಟ್‌ನಲ್ಲಿ ಮಾತ್ರ, ನಳಿಗೆ ಗುರಿಯ ಕಡೆಗೇ ಇರುವಾಗ. ತೋಟದಲ್ಲಿ ಹೆಗಲಿಗೆ ಹಾಕಿಕೊಂಡು ಓಡಾಡುವ ರೈಫಲ್‌ಗೆ ಆ ಅಳತೆ ಬೇಡವೇ ಬೇಡ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನೇ ಒಂದು .22ರ ಟ್ರಿಗರ್ ಸ್ಕ್ರೂ ತಿರುಗಿಸಿದ್ದೆ. ಎಳೆತ ಬೆಣ್ಣೆಯಂತಾಯಿತು. ಮೂರನೇ ಗುಂಡು ತುಂಬಿ ಬೋಲ್ಟ್ ಸ್ವಲ್ಪ ಜೋರಾಗಿ ಮುಚ್ಚಿದೆ, ಬೆರಳು ಹೊರಗಿದ್ದಾಗಲೇ ಗುಂಡು ಹಾರಿತು. ನಳಿಗೆ ಮುಂದಕ್ಕಿತ್ತು, ಗುಂಡು ಮಣ್ಣಿನ ದಿಬ್ಬಕ್ಕೆ ಹೋಯಿತು. ಪಕ್ಕದ ಲೇನ್‌ನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಯರ್ ಹಿಡಿದುಕೊಳ್ಳುವ ಅಂಚನ್ನು ನಾನು ಕೂದಲೆಳೆಗೆ ಇಳಿಸಿಬಿಟ್ಟಿದ್ದೆ. ಅರ ಹಾಕಿ ಉಜ್ಜಿದರೆ ಆಗುವುದೂ ಇದೇ. ಉಕ್ಕಿನ ಮೇಲ್ಪದರ ಮಾತ್ರ ಗಟ್ಟಿ ಮಾಡಿರುತ್ತಾರೆ, ಅದು ಹೋದರೆ ಅಂಚು ಬೇಗ ಸವೆಯುತ್ತದೆ.

ಕಾರ್ಖಾನೆಯಲ್ಲೂ ಕೂದಲೆಳೆಯ ವ್ಯತ್ಯಾಸ ಆಗುತ್ತದೆ. ನೀವು ಕೇಳಿದ ರೆಮಿಂಗ್ಟನ್ ಕಂಪನಿಯೇ 2014ರ ಏಪ್ರಿಲ್‌ನಲ್ಲಿ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ವಾಪಸ್ ಕರೆಸಿತು. ಜೋಡಿಸುವಾಗ ಬಳಸಿದ ಅಂಟು ಕೆಲವದರಲ್ಲಿ ಜಾಸ್ತಿಯಾಗಿ, ಟ್ರಿಗರ್ ಎಳೆಯದೆ ಗುಂಡು ಹಾರುವ ಅಪಾಯವಿತ್ತು.

ಕಾನೂನಿನ ವಿಷಯ ಚಿಕ್ಕದು. 1959ರ ಆಯುಧ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಆಯುಧವೇ. ಹೊರದೇಶದಿಂದ ಸುಮ್ನೆ ಆರ್ಡರ್ ಮಾಡಿ ತರಿಸುವ ವಸ್ತುವಲ್ಲ. ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ನಿಮ್ಮ ಕಾಗದಪತ್ರ ಜೊತೆಗಿಟ್ಟುಕೊಂಡು ಅಂಥವರ ಬಳಿಯೇ ಹೋಗಿ.

ಹೋದಾಗ ಟ್ರಿಗರ್ ಹಗುರ ಮಾಡಿಕೊಡಿ ಅನ್ನಬೇಡಿ. ಸ್ಟಾಕ್ ಒತ್ತುತ್ತಿದೆಯಾ ನೋಡಿ, ಸಿಯರ್ ತೊಳೆಯಿರಿ, ಎಳೆತ ಅಳೆದು ಹೇಳಿ ಅನ್ನಿ. ಭಾಗ ಸವೆದಿದ್ದರೆ ಅದೇ ಮಾದರಿಯ ಭಾಗವನ್ನೇ ಹಾಕಿಸಿ, ಅದನ್ನು ಆ ರೈಫಲ್‌ಗೆ ಕೂರಿಸುವ ಕೆಲಸವೂ ಅವರದೇ. ಕೆಲಸ ಮುಗಿದ ಮೇಲೆ ಖಾಲಿ ರೈಫಲ್‌ನ ಬೋಲ್ಟ್ ಅನ್ನು ನಿಮ್ಮ ಎದುರೇ ಹತ್ತಿಪ್ಪತ್ತು ಸಲ ಜೋರಾಗಿ ಮುಚ್ಚಿಸಿ ನೋಡಿ. ಒಂದೇ ಒಂದು ಸಲ ಕಾಕಿಂಗ್ ಪೀಸ್ ತಾನಾಗಿ ಬಿದ್ದರೂ ಮನೆಗೆ ತರಬೇಡಿ. ಮಳೆ ನಿಂತು ಕಟ್ಟಿಗೆ ಒಣಗಿದ ಮೇಲೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ಅಳೆಸಿ.